ಪ್ಲಾಟಿನಂ ಟೇಬಲ್ಲಿನ ಸಮಾನತೆ

ಮಾರ್ಚ್ ಎಂಟರ ಮಹಿಳಾ ದಿನಾಚರಣೆ ಹತ್ತಿರ ಬಂತೆಂದರೆ ಬೆಂಗಳೂರಿನ ಫೈವ್ ಸ್ಟಾರ್ ಹೋಟೆಲುಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತವೆ. ಪರದೆ ನೇರಳೆ, ಬಲೂನು ನೇರಳೆ, ಕೊರಳಿಗೆ ಹಾಕುವ ಬ್ಯಾಡ್ಜಿನ ಪಟ್ಟಿ ನೇರಳೆ, ಬಾಗಿಲಲ್ಲಿ ಕೊಡುವ ಜ್ಯೂಸ್ ಕೂಡ ನೇರಳೆ. ಒಳಗೆ ಹೋದರೆ ಲಿಂಗ ಸಮಾನತೆಯ ಹೆಸರಲ್ಲಿ ಊಟ. ಬರೀ ಊಟ ಅಂದರೆ ಕರೆದವರಿಗೆ ಬೇಜಾರಾಗುತ್ತದೆ, 'ಲೀಡರ್‌ಶಿಪ್ ಲಂಚನ್' ಅನ್ನಬೇಕು. ಸಮಾನತೆಗಾಗಿ ಮುಂದೆ ನಿಂತವರನ್ನು ಹುಡುಕಿ, ಶಾಲು ಹೊದಿಸಿ, ಉಣಬಡಿಸಿ ಕಳಿಸುವುದು ಕಾರ್ಯಕ್ರಮ. ಒಂಬತ್ತನೇ ತಾರೀಕು ಅದೇ ಹಾಲಿನಲ್ಲಿ ಯಾರದೋ ಮದುವೆ ರಿಸೆಪ್ಷನ್ ಇರುತ್ತದೆ, ಪರದೆ ಗುಲಾಬಿ ಆಗುತ್ತದೆ.

ಗೆಳತಿಯೊಬ್ಬಳ ಕಂಪನಿ ಇಂಥದೊಂದು ಊಟಕ್ಕೆ ದುಡ್ಡು ಕೊಟ್ಟು ಟೇಬಲ್ ಹಿಡಿದಿತ್ತು. ಹತ್ತು ಕುರ್ಚಿಯಲ್ಲಿ ಒಂದು ಖಾಲಿ ಉಳಿದಿತ್ತು, ಫೋಟೋದಲ್ಲಿ ಅಸಹ್ಯ ಕಾಣುತ್ತದಲ್ಲ. "ಸುಮ್ನೆ ಬಾರೇ, ಚಪ್ಪಾಳೆ ತಟ್ಟಿದ್ರೆ ಸಾಕು, ಊಟ ಚೆನ್ನಾಗಿರುತ್ತೆ" ಅಂದಳು. ಹೋದೆ.

ನಡೆಸುವುದು ಒಂದು ಲಾಭರಹಿತ ಸಂಸ್ಥೆ. ಲಾಭ ಇಲ್ಲದಿದ್ದರೂ ಲೆಕ್ಕ ಪಕ್ಕಾ. ವೇದಿಕೆಗೆ ಅಂಟಿಕೊಂಡಂತೆ ಪ್ಲಾಟಿನಂ ಟೇಬಲ್, ಅದರ ಹಿಂದೆ ಗೋಲ್ಡ್, ಅದರ ಹಿಂದೆ ಸಿಲ್ವರ್. ಅಡುಗೆಮನೆ ಬಾಗಿಲ ಹತ್ತಿರ, ತಟ್ಟೆ ಸದ್ದು ಜೋರಾಗಿ ಕೇಳುವ ಕಡೆ, 'ಸಮಾನತೆಯ ಗೆಳೆಯರು' ಅಂತ ಚೀಟಿ ಹಚ್ಚಿದ ಟೇಬಲ್ಲುಗಳು. ಅಲ್ಲಿ ಕಾಲೇಜು ಹುಡುಗಿಯರನ್ನೂ ಹಳ್ಳಿಯಿಂದ ಕರೆಸಿದ್ದ ಸ್ವಸಹಾಯ ಸಂಘದ ನಾಲ್ಕು ಹೆಂಗಸರನ್ನೂ ಕೂರಿಸಿದ್ದರು. ಎಲ್ಲರೂ ಸಮಾನರು ಅಂತ ಹೇಳುವ ಸಭೆಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದಕ್ಕೆ ಎರಡು ಪುಟದ ನಕ್ಷೆ ಇತ್ತು. ಪ್ಲಾಟಿನಂ ಟೇಬಲ್ ಹಿಡಿದ ಕಂಪನಿಗಳಿಗೆಲ್ಲ ಅವತ್ತು ಒಂದೊಂದು ಪ್ರಶಸ್ತಿಯೂ ಬಂತು. ನಮ್ಮದು ಸಿಲ್ವರ್. ಗೆಳತಿಯ ಕಂಪನಿ ಸಮಾನತೆಯಲ್ಲಿ ಇನ್ನೂ ಸ್ವಲ್ಪ ಹಿಂದಿದೆ ಅಂತ ಕಾಣುತ್ತದೆ.

ಪ್ರಶಸ್ತಿ ಅಂದೆನಲ್ಲ, ತಪ್ಪು. ಅದನ್ನು ಹಾಗೆ ಕರೆಯಬಾರದಂತೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ದುಡ್ಡನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆಲ್ಲ ಖರ್ಚು ಮಾಡಬಹುದು ಅನ್ನುವ ಪಟ್ಟಿಯಲ್ಲಿ ಲಿಂಗ ಸಮಾನತೆಯೂ ಇದೆ. ಆದರೆ 2014ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿ, ಮ್ಯಾರಥಾನ್, ಅವಾರ್ಡು, ಜಾಹೀರಾತು, ಟಿವಿ ಕಾರ್ಯಕ್ರಮದ ಪ್ರಾಯೋಜಕತ್ವ ಇಂಥ ಒಂದು ದಿನದ ಬಾಬತ್ತುಗಳೆಲ್ಲ ಈ ಲೆಕ್ಕಕ್ಕೆ ಬರೋದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿತು. ಸಚಿವಾಲಯ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು. ಆಹ್ವಾನ ಪತ್ರಿಕೆಯಲ್ಲಿ ಅವಾರ್ಡ್ ಅನ್ನುವ ಮಾತೇ ಇರಲಿಲ್ಲ. 'ಜಾಗೃತಿ ಸಂವಾದ ಮತ್ತು ಗುರುತಿಸುವಿಕೆ' ಅಂತಿತ್ತು. ಟ್ರೋಫಿಗೆ ನೆನಪಿನ ಕಾಣಿಕೆ ಅಂತ ಹೆಸರು. ಊಟಕ್ಕೆ 'ಸಮುದಾಯ ಸಹಭಾಗಿತ್ವ' ಅಂತ.

ದೀಪ ಬೆಳಗುವ ಕಾರ್ಯಕ್ರಮ. ದೀಪಕ್ಕೆ ಐದು ಬತ್ತಿ. ನಾಲ್ಕನ್ನು ಸೂಟು ಹಾಕಿದ ನಾಲ್ವರು ಹಚ್ಚಿದರು, ಐದನೆಯದನ್ನು ಸಂಸ್ಥೆಯ ಅಧ್ಯಕ್ಷೆ ಹಚ್ಚಿದರು. ಮೇಣದಬತ್ತಿ ಹಿಡಿದು ಒಬ್ಬೊಬ್ಬರ ಕೈಗೆ ದಾಟಿಸುತ್ತಾ ನಿಂತವಳು ರೇಷ್ಮೆ ಸೀರೆ ಉಟ್ಟ ಒಂದು ಹುಡುಗಿ. ಶಾಲು, ಹಾರ, ಟ್ರೋಫಿ ಇಟ್ಟ ತಟ್ಟೆ ಹಿಡಿದು ಸಾಲಾಗಿ ನಿಂತವರೂ ಹುಡುಗಿಯರೇ. ಪಕ್ಕದಲ್ಲಿದ್ದವರನ್ನು ಕೇಳಿದೆ, ಅವರೆಲ್ಲ ಎಂಬಿಎ ಮುಗಿಸಿ ಕೆಲಸಕ್ಕೆ ಸೇರಿದವರಂತೆ. ಎರಡು ಗಂಟೆ ಹೊತ್ತು ತಟ್ಟೆ ಹಿಡಿದು ನಗುತ್ತಾ ನಿಲ್ಲುವುದಕ್ಕೆ ಎಂಬಿಎ ಬೇಕೇ ಬೇಕು, ಬಿಕಾಂನಲ್ಲಿ ಅದನ್ನ ಹೇಳಿಕೊಡೋದಿಲ್ಲ.

ಸನ್ಮಾನ ಅಂದಮೇಲೆ ಮೈಸೂರು ಪೇಟ ಇರಲೇಬೇಕಲ್ಲ. ಗಂಡಸರ ತಲೆಗಳಿಗೆ ಪೇಟ ಚೆನ್ನಾಗಿಯೇ ಕೂತಿತು. ಆಮೇಲೆ ಒಬ್ಬ ಮಹಿಳಾ ಉದ್ಯಮಿ ಬಂದರು. ಹಿಂದೆ ದೊಡ್ಡ ತುರುಬು, ತುರುಬಿನ ಸುತ್ತ ಮಲ್ಲಿಗೆ ದಂಡೆ. ಪೇಟ ಮುಂದೆ ಇಟ್ಟರೆ ಹುಬ್ಬಿನ ಮೇಲೆ ಇಳಿಯಿತು, ಹಿಂದೆ ಸರಿಸಿದರೆ ತುರುಬು ಅದನ್ನು ಎತ್ತಿ ಒಗೆಯಿತು. ಸನ್ಮಾನ ಮಾಡುವವರು ಎರಡೂ ಕೈಯಲ್ಲಿ ಅದುಮಿದರು. ಮಲ್ಲಿಗೆ ಉದುರಿತೇ ಹೊರತು ಪೇಟ ಕೂರಲಿಲ್ಲ. ಕೊನೆಗೆ ಆಕೆ ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಫೋಟೋಗೆ ನಿಂತರು. "ಮೇಡಂ, ಸ್ಮೈಲ್" ಅಂದ ಫೋಟೋಗ್ರಾಫರ್. ಅಷ್ಟು ಹೊತ್ತು ಬಂದ ಒಬ್ಬ ಗಂಡಸಿಗೂ ಅವನು ನಗಿ ಅಂತ ಹೇಳಿರಲಿಲ್ಲ.

ದಿನದ ದೊಡ್ಡ ಗೌರವ ಇನ್ನೂ ಬಾಕಿ ಇತ್ತು. 'ವರ್ಷದ ಪುರುಷ ಮಿತ್ರ.' ಹೆಂಗಸರ ಏಳಿಗೆಗೆ ಬೆನ್ನೆಲುಬಾಗಿ ನಿಂತ ಗಂಡಸಿಗೆ ಕೊಡುವಂಥದ್ದು. ಬಂದವರು ದೊಡ್ಡ ಮನುಷ್ಯರು, ಮಾತೂ ಸರಾಗ.

"ನನ್ನ ತಾಯಿ, ನನ್ನ ಹೆಂಡತಿ, ನನ್ನ ಮಗಳು. ಇವರೇ ನನ್ನ ಮೂರು ಗುರುಗಳು. ಮಗಳು ಹುಟ್ಟಿದ ಮೇಲೇ ನನಗೆ ಹೆಣ್ಣುಮಕ್ಕಳ ಕಷ್ಟ ಏನು ಅಂತ ಅರ್ಥ ಆಗಿದ್ದು."

ಚಪ್ಪಾಳೆ. ಅಂದರೆ ಮಗ ಹುಟ್ಟಿದ್ದರೆ ಆ ಕಂಪನಿಯ ಸಾವಿರಾರು ಹೆಣ್ಣುಮಕ್ಕಳ ಗತಿ ಏನಾಗುತ್ತಿತ್ತೋ, ದೇವರೇ ಕಾಪಾಡಿದ.

"ನಿಮಗೊಂದು ಗುಟ್ಟು ಹೇಳ್ತೀನಿ. ಭಾನುವಾರ ಬೆಳಗ್ಗೆ ಮನೇಲಿ ಕಾಫಿ ಮಾಡೋದು ನಾನೇ!"

ಈಗ ಚಪ್ಪಾಳೆ ಇನ್ನೂ ಜೋರು. ಒಂದಿಬ್ಬರು ಎದ್ದೇ ನಿಂತರು. "ನನ್ನ ಶ್ರೀಮತಿ ಇಲ್ಲೇ ಇದ್ದಾರೆ, ಸ್ವಲ್ಪ ಎದ್ದು ನಿಂತ್ಕೋ" ಅಂದರು. ಆಕೆ ಎದ್ದರು, ಕೈ ಮುಗಿದರು, ಕೂತರು. ಅವರ ಹೆಸರು ಏನು ಅಂತ ವೇದಿಕೆಯಿಂದ ಯಾರೂ ಹೇಳಲಿಲ್ಲ. ಸೋಮವಾರದಿಂದ ಶನಿವಾರದವರೆಗಿನ ಕಾಫಿಗೆ ಯಾವ ಟ್ರೋಫಿ ಅಂತಲೂ ಹೇಳಲಿಲ್ಲ.

ಈ ಕಾಫಿ ವಿಷಯಕ್ಕೆ ಸರ್ಕಾರದ ಲೆಕ್ಕವೇ ಇದೆ. ಕೇಂದ್ರದ ಸಮಯ ಬಳಕೆ ಸಮೀಕ್ಷೆ ಪ್ರಕಾರ 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುತ್ತೇನೆ ಅಂದ ಗಂಡಸರ ಲೆಕ್ಕ. ಮುಟ್ಟದೇ ಇರುವವರು ಆ ಸರಾಸರಿಯಲ್ಲೇ ಇಲ್ಲ. 2024ರಲ್ಲಿ ಮತ್ತೆ ಸಮೀಕ್ಷೆ ಆಯಿತು. ಮಿಕ್ಸಿ, ವಾಷಿಂಗ್ ಮಷೀನು, ಹತ್ತು ನಿಮಿಷಕ್ಕೆ ತರಕಾರಿ ತರುವ ಆ್ಯಪ್ ಎಲ್ಲ ಬಂದ ಮೇಲೆ ಹೆಂಗಸರ ಕೆಲಸ 289 ನಿಮಿಷಕ್ಕೆ ಇಳಿಯಿತು. ಅಂತೂ 10 ನಿಮಿಷ ಉಳಿಯಿತು. ಗಂಡಸರು ಸುಮ್ಮನಿರುತ್ತಾರಾ? ಅವರೂ 9 ನಿಮಿಷ ಉಳಿಸಿಕೊಂಡು 88ಕ್ಕೆ ಬಂದು ನಿಂತರು. ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವುದು ಅಂದರೆ ಇದೇ ಇರಬೇಕು.

ಸಂವಾದಕ್ಕೆ ಐದು ಜನ. ಮಾತಾಡುವ ನಾಲ್ವರು ಗಂಡಸರು, ಅವರಿಗೆ ಮೈಕು ದಾಟಿಸುವ ಒಬ್ಬ ನಿರೂಪಕಿ. ವಿಷಯ: ಉನ್ನತ ಹುದ್ದೆಗಳಲ್ಲಿ ಮಹಿಳೆಯರು ಯಾಕೆ ಕಡಿಮೆ? ಕಾರಣ ಕಣ್ಣೆದುರೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿತ್ತು. ಪರದೆ ಮೇಲೆ ಒಂದು ಚಿತ್ರ ಬಂತು. ನೀವೂ ನೋಡಿರುತ್ತೀರಿ, ಇಂಥ ಸಭೆಗಳಲ್ಲಿ ಅದು ಬಂದೇ ಬರುತ್ತದೆ. ಬೇಲಿಯಾಚೆ ಆಟ ನಡೀತಿದೆ, ಈಚೆ ಕುಳ್ಳ, ಮಧ್ಯಮ, ಉದ್ದ ಮೂವರು ಪೆಟ್ಟಿಗೆ ಮೇಲೆ ಹತ್ತಿ ನೋಡುತ್ತಿದ್ದಾರೆ. ಕುಳ್ಳನಿಗೆ ಎರಡು ಪೆಟ್ಟಿಗೆ ಕೊಡಬೇಕು ಅನ್ನುವುದು ನೀತಿ. ಮೂವರೂ ಹುಡುಗರೇ. ಹುಡುಗಿ ಎಲ್ಲಿದ್ದಾಳೆ ಅಂತ ಯಾರೂ ಕೇಳಲಿಲ್ಲ. ಪೆಟ್ಟಿಗೆ ತರೋಕೆ ಹೋಗಿರಬೇಕು.

ನಾಲ್ವರಲ್ಲಿ ಒಬ್ಬರಿಗೆ ಪಂಚಾಯಿತಿ ರಾಜಕೀಯ ನೆನಪಾಯಿತು. "ನಮ್ಮೂರ ಕಡೆ ನೋಡ್ಬೇಕು ನೀವು. ಅಧ್ಯಕ್ಷೆ ಹೆಸರಿಗೆ ಮಾತ್ರ. ಗಂಡ ಬಂದು ಪಕ್ಕದ ಕುರ್ಚೀಲಿ ಕೂತು ಫೈಲ್ ನೋಡ್ತಾನೆ. ಎಂಥಾ ಅನ್ಯಾಯ!" ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹಳ್ಳಿ ಗಂಡನ ಮೇಲೆ ನಗುವುದು ಬಹಳ ಸುಲಭ, ಅವನಿಗೆ ಲಿಂಕ್ಡ್‌ಇನ್ ಖಾತೆ ಇರುವುದಿಲ್ಲ.

ಹಿಂದಿನ ಟೇಬಲ್ಲಿನ ಆ ನಾಲ್ಕು ಹೆಂಗಸರಲ್ಲಿ ಒಬ್ಬಾಕೆ ಮಾತ್ರ ನಗಲಿಲ್ಲ. ಊಟದ ಹೊತ್ತಿಗೆ ಗೊತ್ತಾಯಿತು, ಆಕೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದವರು. ಕರ್ನಾಟಕ 1987ರ ಚುನಾವಣೆಯಲ್ಲೇ, ಅಂದರೆ ಇಡೀ ದೇಶದ ಪಂಚಾಯಿತಿಗಳಿಗೆ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ 25% ಸೀಟು ಇಟ್ಟ ರಾಜ್ಯ. 2010ರಿಂದ ಅದು ಅರ್ಧಕ್ಕರ್ಧ. "ಮೊದ್ಲು ಗಂಡನೇ ಬರ್ತಿದ್ರು ನಿಜ. ಆಮೇಲೆ ನಾನೇ ಬರೋಕೆ ಶುರು ಮಾಡಿದೆ. ನೀರಿನ ಟ್ಯಾಂಕ್ ಬಿಲ್ಲಿಗೆ ಸೈನ್ ಹಾಕಲ್ಲ ಅಂದೆ" ಅಂದರು ಆಕೆ, ಹಪ್ಪಳ ಮುರಿಯುತ್ತಾ. ಆ ಮೈಕು ಇವರ ಕೈಗೆ ಯಾಕೆ ಬರಲಿಲ್ಲ ಅಂತ ಕೇಳಬೇಡಿ, ನಕ್ಷೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಇನ್ನು ನಕ್ಕ ಪ್ಲಾಟಿನಂ ಟೇಬಲ್ಲುಗಳ ಕಥೆ. ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು ಅಂತ ಅದೇ 2013ರ ಕಾಯ್ದೆ ಹೇಳಿತು. ಒಬ್ಬರು ಸಾಕು. ಅಷ್ಟಕ್ಕೇ ಉದ್ಯಮ ಲೋಕದಲ್ಲಿ ಗಡಿಬಿಡಿ ಎದ್ದಿತು. ಇಷ್ಟು ದೊಡ್ಡ ದೇಶದಲ್ಲಿ ಅರ್ಹ ಹೆಂಗಸರನ್ನು ಎಲ್ಲಿಂದ ತರೋದು? 2015ರ ಗಡುವು ಹತ್ತಿರ ಬಂದಾಗ ಎಷ್ಟೋ ಮಾಲೀಕರಿಗೆ ಜ್ಞಾನೋದಯ ಆಯಿತು. ಅರ್ಹರು ಮನೆಯಲ್ಲೇ ಇದ್ದಾರೆ! ಹೆಂಡತಿ, ಮಗಳು, ಅತ್ತಿಗೆ, ನಾದಿನಿ, ಯಾರು ಕೈಗೆ ಸಿಕ್ಕರೋ ಅವರು ಡೈರೆಕ್ಟರ್ ಆದರು. ಆಗಿನ ಪತ್ರಿಕೆಗಳಲ್ಲಿ ಈ ಸುದ್ದಿ ಸಾಕಷ್ಟು ಬಂತು. ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಪಕ್ಕ ಗಂಡ ಕೂತರೆ ಅದಕ್ಕೆ ಪಿಡುಗು ಅನ್ನುತ್ತಾರೆ. ಇಲ್ಲಿ ಚೇರ್ಮನ್ ಪಕ್ಕ ಹೆಂಡತಿ ಕೂತರೆ ಕಾನೂನು ಪಾಲನೆ ಅನ್ನುತ್ತಾರೆ, ವಾರ್ಷಿಕ ವರದಿಯಲ್ಲಿ ಬಣ್ಣದ ಫೋಟೋ ಹಾಕುತ್ತಾರೆ.

ಅಷ್ಟರಲ್ಲಿ ಮುಖ್ಯ ಅತಿಥಿ, ಒಬ್ಬ ರಾಜಕಾರಣಿ, ಒಂದು ಗಂಟೆ ತಡವಾಗಿ ಬಂದರು. ಬಂದವರೇ ಹೆಣ್ಣನ್ನು ಭೂಮಿಗೆ ಹೋಲಿಸಿದರು, ಕಾವೇರಿಗೆ ಹೋಲಿಸಿದರು, ಚಾಮುಂಡಿಗೆ ಹೋಲಿಸಿದರು. ಶಾಸಕಿಗೆ ಮಾತ್ರ ಹೋಲಿಸಲಿಲ್ಲ. ಹೋಲಿಸೋಣ ಅಂದರೂ ಉದಾಹರಣೆ ಕಮ್ಮಿ: 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದು ಬಂದ ಹೆಂಗಸರು 10. ಸಂಸತ್ತಿನಲ್ಲಿ ಮೂರನೇ ಒಂದು ಪಾಲು ಮೀಸಲಾತಿ ಪಾಸಾದದ್ದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅದು 2023ರ ಸೆಪ್ಟೆಂಬರಿನ ಮಾತು. ಮೊದಲು ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಅಂತ ಅದೇ ಮಸೂದೆಯಲ್ಲಿ ಬರೆದಿತ್ತು. ಪಾರ್ಟಿ ಟಿಕೆಟ್ ಕೊಡೋಕೆ ಯಾವ ಜನಗಣತಿಯೂ ಬೇಕಿರಲಿಲ್ಲ. ಆ ಮಾತು ಬರುವ ಮೊದಲೇ ಅವರಿಗೆ ಇನ್ನೊಂದು ಕಾರ್ಯಕ್ರಮದ ಹೊತ್ತಾಯಿತು.

ಅಂತೂ ಊಟ. 'ಅಜ್ಜಿಯ ಕೈರುಚಿ' ಅಂತ ಬೋರ್ಡು. ಬೋರ್ಡಿನ ಹಿಂದೆ ಉದ್ದ ಟೋಪಿ ಹಾಕಿದ ಆರು ಜನ ಬಾಣಸಿಗರು, ಆರೂ ಜನ ಗಂಡಸರು. ರಾಗಿಮುದ್ದೆಯನ್ನು ಗೋಲಿ ಗಾತ್ರಕ್ಕೆ ಉಂಡೆ ಕಟ್ಟಿ, ಪಿಂಗಾಣಿ ಚಮಚದ ಮೇಲೆ ಇಟ್ಟು, ಮೇಲೊಂದು ಹನಿ ಬಸ್ಸಾರು ಬಿಟ್ಟಿದ್ದರು. ನಮ್ಮಜ್ಜಿ ನೋಡಿದ್ದರೆ ಮಗುವಿಗೆ ಹುಷಾರಿಲ್ಲವಾ ಅಂತ ಕೇಳುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಬ್ರೆಡ್ಡು, ಬೆಳ್ಳುಳ್ಳಿ ಬೆಣ್ಣೆ.

ಬ್ರೆಡ್ಡು ನೋಡಿ ನಗು ಬಂತು. 1917ರ ಮಾರ್ಚ್ 8ರಂದು ರಷ್ಯಾದ ಪೆಟ್ರೋಗ್ರಾಡಿನಲ್ಲಿ ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದದ್ದು ಬ್ರೆಡ್ಡಿಗಾಗಿ. ಒಂದು ವಾರದಲ್ಲಿ ಚಕ್ರವರ್ತಿ ಸಿಂಹಾಸನ ಬಿಟ್ಟಿಳಿದ. ಮಹಿಳಾ ದಿನಾಚರಣೆ ಇದೇ ತಾರೀಕಿಗೆ ನಿಂತದ್ದು ಆ ಹೆಂಗಸರಿಂದ. ಅವರಿಗೆ ನೇರಳೆ ನ್ಯಾಪ್ಕಿನ್ ಕೊಟ್ಟು ಕೂರಿಸಿದ್ದರೆ ಚಕ್ರವರ್ತಿ ಬಚಾವಾಗುತ್ತಿದ್ದ.

ಅಷ್ಟು ದೂರ ಯಾಕೆ ಹೋಗಬೇಕು? 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏನು ಮಾಡಿದರು ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷದವರೆಗೆ ಕೈಗೆ ಸಿಗೋದಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಬದಲಿಸಿತ್ತು. ಮಗಳ ಮದುವೆ, ಗಂಡನ ಸಾಲ, ಮನೆ ಅಡ್ವಾನ್ಸು, ಎಲ್ಲಕ್ಕೂ ಇವರು ನೆಚ್ಚಿಕೊಂಡಿದ್ದು ಆ ದುಡ್ಡನ್ನೇ. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡನ್ನೂ ಸಾವಿರಾರು ಹೆಂಗಸರು ತುಂಬಿಕೊಂಡರು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳಿಗೆ ಬೆಂಕಿಯೂ ಬಿತ್ತು. ಎರಡನೇ ದಿನ ಸಂಜೆಗೆ ಕೇಂದ್ರ ಆ ನಿಯಮವನ್ನು ವಾಪಸ್ ತಗೊಂಡಿತು. ಇಡೀ ದೇಶದ ನೌಕರರಿಗೆ, ನಮ್ಮ ಪ್ಲಾಟಿನಂ ಟೇಬಲ್ಲಿನವರ ಪಿಎಫ್ ಸೇರಿ, ಅನುಕೂಲ ಆಯಿತು. ಎರಡು ದಿನದಲ್ಲಿ ದಿಲ್ಲಿಯನ್ನು ಬಗ್ಗಿಸಿದ ಇವರನ್ನು ನಾಯಕತ್ವದ ಊಟಕ್ಕೆ ಕರೆಯೋಣ ಅಂದರೆ ಕಷ್ಟ. ಮಧ್ಯಾಹ್ನ ಒಂದರಿಂದ ಮೂರಕ್ಕೆ ಅವರು ಮಷೀನ್ ಬಿಟ್ಟು ಏಳುವ ಹಾಗಿಲ್ಲ, ಪೀಸಿನ ಟಾರ್ಗೆಟ್ ಇರುತ್ತದೆ. ಹೊರಡುವಾಗ ನಮಗೆಲ್ಲ ಒಂದೊಂದು ಬಟ್ಟೆ ಚೀಲ ಕೊಟ್ಟರು. ಮೇಲೆ 'ಅವಳು ಮುನ್ನಡೆಸುತ್ತಾಳೆ' ಅಂತ ಅಚ್ಚಾಗಿತ್ತು. ಹೊಲಿಗೆ ಗಟ್ಟಿಯಾಗಿತ್ತು.

ಬಾಗಿಲಲ್ಲಿ ಅಭಿಪ್ರಾಯದ ಫಾರಂ ಹಿಡಿದು ಅದೇ ರೇಷ್ಮೆ ಸೀರೆ ಹುಡುಗಿ ನಿಂತಿದ್ದಳು. ಹೈಹೀಲ್ಡ್ ಚಪ್ಪಲಿ ಬಿಚ್ಚಿ ಪರದೆ ಹಿಂದೆ ಇಟ್ಟಿದ್ದಳು. ಏನಾದರೂ ಸಲಹೆ ಕೊಡಿ ಅಂದಳು. "ಮುಂದಿನ ಸಲ ಸಂಜೆ ಇಡಿ, ಕೆಲಸ ಮುಗಿಸಿ ಜಾಸ್ತಿ ಜನ ಬರಬಹುದು" ಅಂದೆ.

"ನಾವೂ ಹಾಗೇ ಅಂದ್ಕೊಂಡಿದ್ವಿ ಮೇಡಂ. ಆದ್ರೆ ರಾತ್ರಿ ಹೆಣ್ಣುಮಕ್ಕಳನ್ನ ಕೆಲಸಕ್ಕಿಟ್ಕೊಂಡ್ರೆ ಮನೆವರೆಗೂ ಕ್ಯಾಬ್ ಕೊಡಬೇಕು, ಸೆಕ್ಯೂರಿಟಿ ಕೊಡಬೇಕು, ರೂಲ್ಸ್ ಇದೆ. ನಮ್ಮ ಟೀಮಲ್ಲಿ ಎಲ್ಲಾ ಹುಡುಗೀರೇ. ಬಜೆಟ್ ಆಗಲ್ಲ ಅಂದ್ರು. ಅದಕ್ಕೇ ಲಂಚ್."