ಸ್ಟಾಲಿನ್‌ಗೆ ಬರೆದ ಪ್ರೀತಿಯ ಕಾಗದ

ಸೋವಿಯತ್ ಕೆಂಪು ಸೈನ್ಯದ ದಂಡನಾಯಕ ಅಯೋನಾ ಯಾಕಿರ್ ಸಾಯುವ ಮುನ್ನ ಬರೆದ ಕಾಗದ ತಲೆಯಿಂದ ಹೋಗ್ತಾನೇ ಇಲ್ಲ. 1937ರ ಜೂನ್ 9. ಜೈಲಿನಿಂದ ಸ್ಟಾಲಿನ್‌ಗೆ ಬರೆದಿದ್ದು. ನಾನು ಪ್ರಾಮಾಣಿಕ ಸೈನಿಕ, ಸಾಯುವಾಗಲೂ ನಿಮ್ಮ ಮೇಲಿನ ಪ್ರೀತಿಯ ಮಾತೇ ನನ್ನ ಬಾಯಲ್ಲಿರುತ್ತೆ ಅಂತ. ಸ್ಟಾಲಿನ್ ಅದರ ಮೇಲೆ ಗೀಚಿದ್ದು: ‘ನೀಚ, ಸೂಳೆ’. ಕಾಗದ ಕೈಯಿಂದ ಕೈಗೆ ಹೋಯಿತು. ‘ಸರಿಯಾಗಿಯೇ ಹೇಳಿದ್ದೀರಿ’ ಅಂತ ರಕ್ಷಣಾ ಮಂತ್ರಿ ವೊರೊಶಿಲೋವ್ ಬರೆದ. ಪ್ರಧಾನಿ ಮೊಲೊಟೋವ್ ಸಹಿ ಹಾಕಿದ. ಸ್ಟಾಲಿನ್‌ನ ಆಪ್ತ ಕಗನೋವಿಚ್ ಇನ್ನಷ್ಟು ಬೈಗುಳ ಸೇರಿಸಿ, ಇವನಿಗೆ ಮರಣವೇ ಶಿಕ್ಷೆ ಅಂದ. ಯಾಕಿರ್‌ನಂತೆ ಕಗನೋವಿಚ್ ಕೂಡ ಯಹೂದಿ.

ಕಿಶಿನೇವ್‌ನ ಔಷಧ ವ್ಯಾಪಾರಿಯ ಮಗ ಈ ಯಾಕಿರ್. ಬಾಸೆಲ್‌ನಲ್ಲಿ ರಸಾಯನಶಾಸ್ತ್ರ ಓದಲು ಹೋಗಿದ್ದವನು. ಇಪ್ಪತ್ಮೂರನೇ ವಯಸ್ಸಿಗೆ, ರಷ್ಯಾದ ಅಂತರ್ಯುದ್ಧದಲ್ಲಿ, ಒಡೆಸ್ಸಾ ಹತ್ತಿರ ಶತ್ರುಗಳ ನಡುವೆ ಸಿಕ್ಕಿಬಿದ್ದ ಕೆಂಪು ಸೈನ್ಯದ ಪಡೆಗಳನ್ನು ನೂರಾರು ಕಿಲೋಮೀಟರ್ ನಡೆಸಿ ಹೊರತಂದ. 1935ರಲ್ಲಿ ಕೀವ್ ಬಳಿಯ ಅವನ ಕವಾಯತಿನಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಪ್ಯಾರಾಚೂಟ್ ಕಟ್ಟಿಕೊಂಡು ಒಟ್ಟಿಗೆ ಇಳಿದಾಗ ವಿದೇಶಿ ಸೇನಾಧಿಕಾರಿಗಳು ಬಾಯಿ ಬಿಟ್ಕೊಂಡು ನೋಡಿದರು. ಹಾಗಂತ ಅವನೇನು ಸಂತ ಅಲ್ಲ. 1919ರಲ್ಲಿ ಡಾನ್ ನದಿ ಸೀಮೆಯ ಕೊಸಾಕ್ಕರನ್ನು ಹತ್ತಿಕ್ಕಿದ ಸೈನ್ಯದ ಮುಖಂಡರಲ್ಲಿ ಅವನೂ ಇದ್ದ. ಆ ರಕ್ತ ಅವನ ಕೈಗೂ ಅಂಟಿದೆ.

ಆದರೆ ಕೊಂದಿದ್ದು ಆ ತಪ್ಪಿಗಲ್ಲ. 1937ರ ಮೇ 28ರಂದು ಮಾಸ್ಕೋಗೆ ಹೋಗ್ತಿದ್ದ ರೈಲಲ್ಲೇ ಹಿಡಿದರು. ಆರೋಪ ಏನು ಗೊತ್ತಾ? ಜರ್ಮನಿಗೆ ಗೂಢಚಾರಿಕೆ. ಯಹೂದಿಯೊಬ್ಬ ಹಿಟ್ಲರನ ಏಜೆಂಟಂತೆ! ಹಿಂದೆ ಇದೇ ಸರ್ಕಾರ ಅವನನ್ನು ಯುದ್ಧಕಲೆ ಕಲಿಯೋಕೆ ಜರ್ಮನಿಗೆ ಕಳಿಸಿತ್ತು. ಜೂನ್ 11ಕ್ಕೆ ಸೈನ್ಯದ ಮಾರ್ಷಲ್ ತುಖಾಚೆವ್‌ಸ್ಕಿ ಸೇರಿ ಎಂಟು ಜನರ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ವಕೀಲರಿಲ್ಲ, ಮೇಲ್ಮನವಿ ಇಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಗುಂಡು. ನ್ಯಾಯಪೀಠದಲ್ಲಿ ಕೂತಿದ್ದ ಸೇನಾಧಿಕಾರಿಗಳಾದ ಬ್ಲ್ಯೂಖರ್, ದಿಬೆಂಕೊ, ಬೆಲೋವ್ 1938 ಮುಗಿಯುವುದರೊಳಗೆ ತಾವೂ ಸೆರೆಯಾಗಿ ಸತ್ತಿದ್ದರು.

‘ಕಾಲವೇ ಹಾಗಿತ್ತು, ಯುದ್ಧ ಎದುರಿಗಿತ್ತು’ ಅನ್ನುವವರು ಈಗಲೂ ಸಿಗ್ತಾರೆ. ಯುದ್ಧ ಎದುರಿಗಿರುವಾಗ ಅದಕ್ಕೆ ಸೈನ್ಯ ಕಟ್ಟಿದವರನ್ನೇ ಗೋಡೆಗೆ ನಿಲ್ಲಿಸೋದು ಯಾವ ಜಾಣತನ ಸ್ವಾಮಿ?

ಜೂನ್ 10ರಂದು ವೊರೊಶಿಲೋವ್‌ಗೂ ಯಾಕಿರ್ ಒಂದು ಕಾಗದ ಬರೆದಿದ್ದ: ನನ್ನ ಹಿಂದಿನ ಪ್ರಾಮಾಣಿಕ ದುಡಿಮೆ ನೆನೆದು ನನ್ನ ಕುಟುಂಬವನ್ನು ನೋಡಿಕೊಳ್ಳಿ. ಅಪ್ರಾಮಾಣಿಕನ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನ ಅಂತ ವೊರೊಶಿಲೋವ್ ಅದರ ಮೇಲೂ ಗೀಚಿಟ್ಟ.

ಮಗ ಪ್ಯೋತ್ರ್‌ಗೆ ಆಗ ಹದಿನಾಲ್ಕು. ಅವನನ್ನೂ ಹಿಡಿದರು, ಜೈಲು, ಶಿಬಿರಗಳಲ್ಲೇ ಬೆಳೆದ. 1957ರಲ್ಲಿ ಅಪ್ಪ ನಿರಪರಾಧಿ ಅಂತ ಸರ್ಕಾರವೇ ಒಪ್ಪಿತು. ಮಗ ಮುಂದೆ ಸ್ಟಾಲಿನ್ ಭಜನೆ ಮರಳುವುದರ ವಿರುದ್ಧ ನಿಂತ. 1972ರಲ್ಲಿ ಮತ್ತೆ ಬಂಧನ. ಮರುವರ್ಷ ಪತ್ರಕರ್ತರ ಎದುರು ಕೂತು, ನಾನು ಹೇಳಿದ್ದೆಲ್ಲ ತಪ್ಪು ಅಂದುಬಿಟ್ಟ.