ಜನ ಮನೆಯಲ್ಲಿ ಕೂತರೆ ಬಸ್ಸೂ ಡಿಪೋದಲ್ಲಿ ಕೂರಬೇಕೇ?

ಕೋವಿಡ್ ಕಾಲದಲ್ಲಿ ಆಫೀಸು ಮನೆಗೆ ಬಂತು. ಸಿಟಿ ಬಸ್ಸಿನಲ್ಲಿ ಸೀಟು ಖಾಲಿ ಉಳಿಯಿತು. ಈಗಲೂ ಎಷ್ಟೋ ಮಂದಿ ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸಿಗೆ ಹೋಗುತ್ತಾರೆ. ಜನ ಕಡಿಮೆಯಾದ ಕಡೆ ಬಸ್ಸನ್ನೂ ಕಡಿಮೆ ಮಾಡುವುದು ಸರಿಯೇ? ಇಬ್ಬರ ಬರಹ ಇಲ್ಲಿದೆ.

ಪರ: ಖಾಲಿ ಬಸ್ ಓಡಿಸಿದರೆ ಯಾರಿಗೆ ಲಾಭ?

ಈ ಬದಿ ಹಿಡಿದು ಬರೆಯಿರಿ ಎಂದು ಕೇಳಿದಾಗ ಮೊದಲು ಹಿಂಜರಿದೆ. ನಾನು ಬಸ್ ಬೇಡ ಎನ್ನುವವನಲ್ಲ. ಬೆಂಗಳೂರಿನ ಸಿಟಿ ಬಸ್ಸಿಗೆ ಬಿಟಿಎಸ್ ಅನ್ನುತ್ತಿದ್ದ ಕಾಲದಿಂದ ಬಸ್ಸಿನಲ್ಲೇ ಓಡಾಡಿದವನು. ಇವತ್ತಿಗೂ ನನ್ನ ಹತ್ತಿರ ಸ್ಕೂಟರ್ ಇಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಜನ ಹತ್ತದ ಕಡೆ ಬಸ್ ಓಡಿಸುತ್ತಾ ಹೋದರೆ ಕೊನೆಗೆ ಬಸ್ಸಿಗೇ ಪೆಟ್ಟು.

ಕೋವಿಡ್‌ಗೆ ಮುಂಚೆ ಬೆಂಗಳೂರಿನ ಹೊರ ವರ್ತುಲ ರಸ್ತೆ ಹೇಗಿತ್ತು, ನೆನಪಿಸಿಕೊಳ್ಳಿ. ಆ ರಸ್ತೆಯ 500ಡಿ ಬಸ್ಸಿನ ಬಾಗಿಲಲ್ಲಿ ಜನ ಜೋತುಬೀಳುತ್ತಿದ್ದರು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ ಕಂಬ ನೆಟ್ಟು ಬಸ್ಸಿಗೇ ಒಂದು ಲೇನ್ ಬಿಟ್ಟರು. ಕಾರುಗಳು ನಿಂತಲ್ಲೇ ನಿಂತಿರುವಾಗ ಬಸ್ ಮುಂದೆ ಹೋಗುವುದನ್ನು ನೋಡಿ ನನಗೆ ಎಷ್ಟು ಖುಷಿಯಾಗಿತ್ತು! ಆರು ತಿಂಗಳೂ ಕಳೆಯಲಿಲ್ಲ. 2020ರ ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಬೀಗ ತೆಗೆದ ಮೇಲೂ ಆ ರಸ್ತೆಯ ಆಫೀಸುಗಳಿಗೆ ಜನ ಬರಲಿಲ್ಲ. 2021ರ ಆಗಸ್ಟ್‌ನಲ್ಲಂತೂ ರಾಜ್ಯದ ಐಟಿ ಇಲಾಖೆಯೇ ಕಂಪನಿಗಳಿಗೆ ಒಂದು ಸಲಹೆ ಕೊಟ್ಟಿತು. ಮೆಟ್ರೊ ಕಾಮಗಾರಿ ನಡೆಯುತ್ತಿದೆ, 2022ರ ಡಿಸೆಂಬರ್‌ವರೆಗೆ ಸಿಬ್ಬಂದಿಗೆ ಮನೆಯಿಂದಲೇ ಕೆಲಸ ಕೊಡಿ ಅಂತ. ಸರ್ಕಾರವೇ ಬರಬೇಡಿ ಅಂದ ರಸ್ತೆಗೆ ಮುಂಚಿನಷ್ಟೇ ಬಸ್ ಬಿಡಿ ಎನ್ನುವುದು ಯಾವ ಲೆಕ್ಕ?

ವೋಲ್ವೊ ಎಸಿ ಬಸ್ಸುಗಳ ವಿಷಯ ತೆಗೆದುಕೊಳ್ಳಿ. 2006ರ ಆಸುಪಾಸಿನಲ್ಲಿ ಅವು ಬಂದಾಗ ಕಾರು ಬಿಟ್ಟು ಬಸ್ ಹತ್ತಿದವರನ್ನು ನಾನೇ ಕಂಡಿದ್ದೇನೆ. ಆದರೆ ಅವು ಸಾಮಾನ್ಯ ಬಸ್ಸಿಗಿಂತ ತುಂಬಾ ಜಾಸ್ತಿ ಡೀಸೆಲ್ ಕುಡಿಯುತ್ತವೆ. ಸಾಫ್ಟ್‌ವೇರ್ ಮಂದಿಯೇ ಅವುಗಳ ದೊಡ್ಡ ಗಿರಾಕಿ. ಅವರು ಮನೆಯಲ್ಲಿ ಕೂತರು. ಉಳಿದವರಿಗೆ ಮುಚ್ಚಿದ ಕಿಟಕಿ, ಎಸಿ ಗಾಳಿ ಅಂದರೆ ಸೋಂಕಿನ ಭಯ. ನೂರಾರು ವೋಲ್ವೊಗಳು ಡಿಪೋದಲ್ಲಿ ನಿಂತವು. 2021ರ ಡಿಸೆಂಬರ್‌ನಲ್ಲಿ ಬಿಎಂಟಿಸಿ ಎಸಿ ಬಸ್ಸಿನ ದರ ಇಳಿಸಿ ಜನರನ್ನು ಮತ್ತೆ ಕರೆಯಿತು. ಅದು ಒಳ್ಳೆಯ ಕೆಲಸ. ಆದರೆ ಜನವೇ ಇಲ್ಲದ ತಿಂಗಳುಗಳಲ್ಲಿ ಅವನ್ನು ಸುಮ್ನೆ ಓಡಿಸಬೇಕಿತ್ತೇ? ಅದೇ ವರ್ಷ ಅಕ್ಟೋಬರ್‌ನಲ್ಲಿ ಡೀಸೆಲ್ ಲೀಟರಿಗೆ ನೂರು ರೂಪಾಯಿಯ ಹತ್ತಿರ ಬಂದಿತ್ತು.

ನಮ್ಮ ಬೀದಿಯಲ್ಲಿ ಒಬ್ಬ ಡ್ರೈವರ್ ಇದ್ದಾರೆ. 2020ರ ಜೂನ್‌ನಲ್ಲಿ ಒಂದು ಸಂಜೆ ಗೇಟಿನ ಹತ್ತಿರ ನಿಂತು ಹೇಳಿದರು: 'ಸಾರ್, ಇವತ್ತು ಒಂದು ಟ್ರಿಪ್‌ಗೆ ಏಳು ಜನ. ವಾಪಸ್ ಬರುವಾಗ ಮೂರು. ಕನ್ನಡಿಯಲ್ಲಿ ನೋಡಿದರೆ ಖಾಲಿ ಸೀಟು ಕಂಡು ಹೊಟ್ಟೆ ಕಲಸುತ್ತೆ. ನನ್ನ ಸಂಬಳ ಎಲ್ಲಿಂದ ಬರುತ್ತೆ ಅಂತ ಅದೇ ಯೋಚನೆ.' ಆ ಮಾತು ನನ್ನನ್ನು ಬಿಟ್ಟಿಲ್ಲ. ಅವರ ಭಯ ಸುಳ್ಳಾಗಿರಲಿಲ್ಲ. ಕಲೆಕ್ಷನ್ ಬಿದ್ದುಹೋಗಿ ಸಾರಿಗೆ ನಿಗಮಗಳು ಸಂಬಳಕ್ಕೂ ಸರ್ಕಾರದ ಕಡೆ ನೋಡಬೇಕಾಯಿತು. 2020ರ ಡಿಸೆಂಬರ್‌ನಲ್ಲಿ ಒಮ್ಮೆ, 2021ರ ಏಪ್ರಿಲ್‌ನಲ್ಲಿ ಎರಡು ವಾರ, ನೌಕರರು ಮುಷ್ಕರ ಮಾಡಿದರು. ಆಗ ಯಾರಿಗೂ ಬಸ್ ಇರಲಿಲ್ಲ. ಖಾಲಿ ಓಡಿಸಿ ಹಣ ಸುರಿದರೆ ನಾಳೆ ಇರುವ ಬಸ್ಸೂ ಇರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಬಸ್ ಕಡಿಮೆ ಮಾಡಬೇಡಿ ಎನ್ನುವವರು ಎಲ್ಲ ರಸ್ತೆಗೂ, ಎಲ್ಲ ಹೊತ್ತಿಗೂ, ಐದು ನಿಮಿಷಕ್ಕೊಂದು ಬಸ್ ಕೇಳುತ್ತಾರೆ. ಸಂತೆಗೆ ಸೊಪ್ಪು ತರುವ ಹೆಂಗಸಿಗೂ ಗೊತ್ತು, ಜನ ಸೇರದ ದಿನ ಅರ್ಧ ಬುಟ್ಟಿ ಸಾಕು ಅಂತ. ಬೆಳಗಿನ ಒಂದೆರಡು ಟ್ರಿಪ್ ಬೇಕೇ ಬೇಕು ಅನ್ನುವವರಿಗೆ ಅದನ್ನು ಉಳಿಸಿಕೊಟ್ಟರಾಯಿತು, ಅದೇನು ದೊಡ್ಡ ತಕರಾರಲ್ಲ.

ಕಡಿಮೆ ಮಾಡುವುದು ಅಂದರೆ ಬಸ್ಸನ್ನು ಮೂಲೆಗೆ ಹಾಕುವುದು ಅಂತ ನನ್ನ ಅರ್ಥವಲ್ಲ. ವರ್ತುಲ ರಸ್ತೆಯಲ್ಲಿ ಮಿಕ್ಕ ಬಸ್ಸನ್ನು ಪೀಣ್ಯಕ್ಕೆ ಕಳಿಸಿ, ಮೈಸೂರು ರಸ್ತೆಗೆ ಕಳಿಸಿ, ಬೊಮ್ಮನಹಳ್ಳಿಗೆ ಕಳಿಸಿ. ಅಲ್ಲಿಯ ಗಾರ್ಮೆಂಟ್ಸ್ ಕೆಲಸ ಮನೆಯಿಂದ ಮಾಡಲು ಆಗುವುದಿಲ್ಲ, ಅಲ್ವಾ? ಈಗ ಆಫೀಸಿನವರು ಬರುವುದು ಹೆಚ್ಚಾಗಿ ವಾರದ ನಡುವೆ. ಸೋಮವಾರ, ಶುಕ್ರವಾರ ಜನ ಕಡಿಮೆ. ಶೆಡ್ಯೂಲ್ ಕೂಡ ಅದಕ್ಕೆ ತಕ್ಕಂತೆ ಇರಲಿ. ತಿಂಗಳಿಗೆ ಹತ್ತು ದಿನ ಓಡಾಡುವವನಿಗೆ ತಿಂಗಳ ಪಾಸ್ ಯಾಕೆ? ಹತ್ತು ದಿನದ ಪಾಸ್ ಕೊಡಿ.

ಒಂದು ಕಡೆ ಮಾತ್ರ ನನ್ನ ವಾದ ಸೋಲುತ್ತದೆ. ವರ್ತುಲ ರಸ್ತೆಯ ಆ ಬಸ್ ಲೇನ್ ಮೆಟ್ರೊ ಕೆಲಸದಲ್ಲಿ ಹೋಯಿತು. ಜನ ವಾಪಸ್ ಬಂದರು, ಲೇನ್ ಬರಲಿಲ್ಲ. ತೆಗೆದದ್ದು ಮತ್ತೆ ಬರುತ್ತದೆ ಅಂತ ಯಾರಾದರೂ ಮಾತು ಕೊಡಿ ಅಂದರೆ ನಾನು ಕೊಡಲಾರೆ.

ವಿರೋಧ: ಅವರು ಮನೆಯಲ್ಲಿ ಕೂತರು, ಅಮ್ಮ ಸ್ಟಾಪಿನಲ್ಲಿ ನಿಂತಳು

ಮನೆಯಿಂದ ಕೆಲಸ ಮಾಡುವವರ ಮನೆಗೆ ಯಾರು ಬರುತ್ತಾರೆ? ಈ ಪ್ರಶ್ನೆ ಯಾರೂ ಕೇಳಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

2020ರಲ್ಲಿ ನಾವಿದ್ದದ್ದು ಬೆಂಗಳೂರಲ್ಲ, ಇನ್ನೊಂದು ಊರು. ಹೆಸರು ಬೇಡ, ಎಲ್ಲ ಊರಲ್ಲೂ ಇದೇ ಕತೆ ನಡೆದಿರುತ್ತದೆ. ನಮ್ಮಮ್ಮ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಗೆ ಅಡುಗೆ ಮಾಡುತ್ತಿದ್ದಳು. ಲಾಕ್‌ಡೌನ್‌ಗೆ ಮುಂಚೆ ಕೆಲಸ ಇಷ್ಟೇ: ಬೆಳಿಗ್ಗೆ ತಿಂಡಿ, ರಾತ್ರಿಗೆ ಚಪಾತಿ ಪಲ್ಯ. ಮಧ್ಯಾಹ್ನ ಆ ಮನೆಗಳವರು ಆಫೀಸಿನ ಕ್ಯಾಂಟೀನ್‌ನಲ್ಲಿ ಉಣ್ಣುತ್ತಿದ್ದರು. ಮಕ್ಕಳು ಸ್ಕೂಲಿನಲ್ಲಿ. ಜುಲೈನಲ್ಲಿ ಅಮ್ಮನನ್ನು ಮತ್ತೆ ಕರೆದರು. ಈಗ ಮೂರು ಹೊತ್ತೂ ಅಡುಗೆ. ಮಧ್ಯಾಹ್ನ ಅನ್ನ, ಸಾರು, ಪಲ್ಯ, ನಡುವೆ ಎರಡು ಸಲ ಕಾಫಿ. ಒಂಬತ್ತಕ್ಕೆ ಅವರ ಮೊದಲ ಮೀಟಿಂಗ್. ಅದಕ್ಕೆ ಮುಂಚೆ ತಿಂಡಿ ಮೇಜಿನ ಮೇಲಿರಬೇಕು.

ಅಮ್ಮನ ಬಸ್ಸು 6.10ಕ್ಕೆ. ವರ್ಷಗಟ್ಟಲೆ ಅದೇ ಬಸ್. ಅದರ ಕಂಡಕ್ಟರ್‌ಗೆ ಅಮ್ಮನ ಗುರುತು ಎಷ್ಟಿತ್ತೆಂದರೆ, ಸ್ಟಾಪಿನಲ್ಲಿ ಅವಳು ಕಾಣದಿದ್ದರೆ ಓಣಿಯ ಕಡೆ ಬಗ್ಗಿ ನೋಡಿ, ಆಮೇಲೆ ಸೀಟಿ ಊದುತ್ತಿದ್ದರು. ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ ಅಮ್ಮ ಆರು ಗಂಟೆಗೇ ಹೋಗಿ ನಿಂತಳು. ಬಸ್ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಮೂರನೇ ದಿನ ಹಾಲಿನ ಅಂಗಡಿಯವನು ಹೇಳಿದ, 'ಅಮ್ಮಾ, ಆ ಟ್ರಿಪ್ ತೆಗೆದುಬಿಟ್ಟಿದ್ದಾರಂತೆ. ಈಗ ಮೊದಲ ಬಸ್ ಎಂಟಕ್ಕೆ.' ಸ್ಟಾಪಿನಲ್ಲಿ ಒಂದು ಚೀಟಿ ಕೂಡ ಅಂಟಿಸಿರಲಿಲ್ಲ. ಅಮ್ಮನ ಜೊತೆ ಇನ್ನೂ ಐದಾರು ಜನ ಕಾಯುತ್ತಿದ್ದರು. ಆಸ್ಪತ್ರೆಯ ಆಯಾ ಒಬ್ಬರು, ಸೆಕ್ಯೂರಿಟಿ ಯೂನಿಫಾರಂ ಹಾಕಿದ ಅಜ್ಜ ಒಬ್ಬರು, ಹೂ ಮಾರುವವರು. ಯಾರಿಗೂ ಮನೆಯಿಂದ ಮಾಡುವ ಕೆಲಸವಲ್ಲ.

ಆಟೊದವರು ನಲವತ್ತು ರೂಪಾಯಿ ಕೇಳಿದರು. ಬಸ್ಸಿಗೆ ಕೊಡುತ್ತಿದ್ದದ್ದು ಹತ್ತು. ನಾಲ್ಕು ದಿನ ಆಟೊದಲ್ಲಿ ಹೋದಳು. ಐದನೇ ದಿನದಿಂದ ನಡೆಯಲು ಶುರು ಮಾಡಿದಳು. ಐದು ಕಿಲೋಮೀಟರ್. ಬೆಳಿಗ್ಗೆ ಐದು ಗಂಟೆಗೆ ಕತ್ತಲಲ್ಲಿ, ಮಾಸ್ಕ್ ಹಾಕಿಕೊಂಡು, ನಾಯಿಗಳಿಗೆ ಒಂದು ಕೋಲು ಹಿಡಿದುಕೊಂಡು. ನಾನು ಮೊದಲ ವಾರ ಅರ್ಧ ದಾರಿಯವರೆಗೆ ಜೊತೆಗೆ ಹೋಗುತ್ತಿದ್ದೆ. ಮಳೆ ಬಂದ ದಿನ ತಡವಾಗುತ್ತಿತ್ತು. ಆಗಸ್ಟ್ ಕೊನೆಗೆ ಒಂದು ಮನೆಯವರು, 'ಆಂಟಿ, ಟೈಮಿಗೆ ಬರೋಕೆ ಆಗಲ್ಲ ಅಂದ್ರೆ ಕಷ್ಟ' ಅಂದರು. ಹತ್ತಿರದಲ್ಲೇ ಇರುವ ಬೇರೆ ಹೆಂಗಸನ್ನು ಇಟ್ಟುಕೊಂಡರು. ಅವರನ್ನು ನಾನು ಬೈಯುವುದಿಲ್ಲ. ಅವರಿಗೂ ಒಂಬತ್ತಕ್ಕೆ ಮೀಟಿಂಗ್. ಆದರೆ ಆ ಮನೆಯ ಮೂರೂವರೆ ಸಾವಿರ ಹೋಯಿತು. ಅಮ್ಮನ ಎಡ ಮಂಡಿ ನೋವು ಇವತ್ತಿಗೂ ಇದೆ.

ಒಬ್ಬರು ಮನೆಯಲ್ಲೇ ಕೂತರೆ ಓಡಾಟ ನಿಲ್ಲುವುದಿಲ್ಲ. ಬೇರೆಯವರ ಪಾಲಿಗೆ ಬರುತ್ತದೆ ಅಷ್ಟೇ. ಅಡುಗೆಯವಳು, ಕಸ ಗುಡಿಸುವವಳು, ವಯಸ್ಸಾದವರನ್ನು ನೋಡಿಕೊಳ್ಳುವವಳು, ಗೇಟಿನ ಕಾವಲುಗಾರ. ಎದುರು ಬದಿಯವರಿಗೆ ಬಸ್ ಅಂದರೆ ಟೆಕ್ಕಿಗಳನ್ನು ಬೆಳಿಗ್ಗೆ ಒಯ್ದು ಸಂಜೆ ತರುವ ಗಾಡಿ. ಅವರು ಇಳಿದರೆ ಬಸ್ ಖಾಲಿ ಅಂತ ತೀರ್ಮಾನ. ಮೂಲೆಯ ಸೀಟಿನಲ್ಲಿ ಡಬ್ಬಿ ಚೀಲ ಹಿಡಿದು ಕೂತವಳು ಅವರ ಎಣಿಕೆಗೆ ಬರುವುದೇ ಇಲ್ಲ.

ಲಾಕ್‌ಡೌನ್ ಗಟ್ಟಿಯಾಗಿದ್ದಾಗಲೂ ಬೆಂಗಳೂರಿನಲ್ಲಿ ಆಸ್ಪತ್ರೆಯವರಿಗೆ, ಪೊಲೀಸರಿಗೆ, ಅಗತ್ಯ ಸೇವೆಯವರಿಗೆ ಬಿಎಂಟಿಸಿ ಬಸ್ ಓಡಿತು. ನಿಂತ ಊರನ್ನು ನಡೆಸಿದವರು ಆ ಬಸ್ಸಿನಲ್ಲಿ ಹೋದವರು. ಆದರೆ 2020ರ ಮೇ 19ಕ್ಕೆ ಎಲ್ಲರಿಗೂ ಬಸ್ ಬಿಟ್ಟಾಗ ಏನು ಮಾಡಿದರು ನೆನಪಿದೆಯೇ? ಟಿಕೆಟ್ ಇಲ್ಲ, ಪಾಸ್ ಮಾತ್ರ. ದಿನದ ಪಾಸಿಗೆ 70 ರೂಪಾಯಿ. ನಾಲ್ಕು ಸ್ಟಾಪ್ ಹೋಗುವವಳೂ 70 ಕೊಡಬೇಕು. ದುಡ್ಡು ಮುಟ್ಟಿದರೆ ಸೋಂಕು ಅಂಟುತ್ತದೆ ಅನ್ನುವ ಭಯ ಆಗ ಇತ್ತು, ನಿಜ. ಆದರೆ ದಿನಕ್ಕೆ ಮುನ್ನೂರು ದುಡಿಯುವವಳಿಗೆ ಅದು ಬಸ್ ಇಲ್ಲದ ಹಾಗೆಯೇ. ಜನ ಗಲಾಟೆ ಮಾಡಿದ ಮೇಲೆ, ಒಂದು ವಾರದಲ್ಲಿ ಟಿಕೆಟ್ ಬಂತು. ಆ ಒಂದು ವಾರ ಬಸ್ ಖಾಲಿ ಓಡಿದ್ದರೆ ಅದಕ್ಕೆ ಕಾರಣ ವರ್ಕ್ ಫ್ರಂ ಹೋಮ್ ಅಲ್ಲ.

ಇನ್ನು 2023ರ ಜೂನ್ 11. ಶಕ್ತಿ ಯೋಜನೆ ಬಂತು. ಎಸಿ ಇಲ್ಲದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೊದಲ ವಾರವೇ ಕಾಲಿಡಲು ಜಾಗ ಇಲ್ಲ. ಆಗ ನಾವು ಬೆಂಗಳೂರಿಗೆ ಬಂದಾಗಿತ್ತು, ನಾನೇ ಬಾಗಿಲ ಹತ್ತಿರ ನಿಂತು ಹೋಗಿದ್ದೇನೆ. ಇಷ್ಟೊಂದು ಹೆಂಗಸರು ಎಲ್ಲಿಂದ ಬಂದರು? ಅದಕ್ಕೆ ಮುಂಚೆಯೂ ಇದೇ ಊರಿನಲ್ಲೇ ಇದ್ದರು. ನಡೆಯುತ್ತಿದ್ದರು. ದೂರದ ಕೆಲಸ ಬೇಡ ಅಂದುಕೊಂಡು ಹತ್ತಿರದಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರು. ಸೀಟಿನ ಮೇಲೆ ಕೂತವರನ್ನು ಮಾತ್ರ ಲೆಕ್ಕ ಹಾಕಿದರೆ ಇವರು ಕಾಣುವುದಿಲ್ಲ.

ಹತ್ತು ನಿಮಿಷಕ್ಕೊಂದು ಬರುತ್ತಿದ್ದ ಬಸ್ಸನ್ನು ಅರ್ಧ ಗಂಟೆಗೆ ಒಂದು ಮಾಡಿ ನೋಡಿ. ಮೊದಲ ವಾರ ಜನ ಕಾಯುತ್ತಾರೆ. ಎರಡನೇ ವಾರ ಶೇರ್ ಆಟೊ ಹತ್ತುತ್ತಾರೆ. ಮೂರನೇ ತಿಂಗಳಿಗೆ ಮಗ ಸಾಲ ಮಾಡಿ ಸ್ಕೂಟರ್ ತರುತ್ತಾನೆ. ಕಂತು ಕಟ್ಟುವವನು ಮತ್ತೆ ಬಸ್ಸಿಗೆ ಬರುತ್ತಾನೆಯೇ? ಆಮೇಲೆ ಬಸ್ಸಿನಲ್ಲಿ ಇನ್ನೂ ಜನ ಕಡಿಮೆ, ಇನ್ನೊಂದು ಟ್ರಿಪ್ ರದ್ದು. ಸೇದದ ಬಾವಿಗೆ ಹೂಳು ತುಂಬುವ ಹಾಗೆ. ಬೆಂಗಳೂರಿನಲ್ಲಿ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ್ದು ಈ ವರ್ಷಗಳಲ್ಲೇ.

ನಷ್ಟ, ಸಂಬಳ, ಡೀಸೆಲ್ ಅಂತ ಹೇಳುತ್ತಾರೆ. ಫ್ಲೈಓವರ್ ಕಟ್ಟುವಾಗ ಅದರಿಂದ ಕಲೆಕ್ಷನ್ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಬಸ್ಸಿಗೆ ಮಾತ್ರ ಯಾಕೆ ಈ ಪ್ರಶ್ನೆ? ಮನೆ ಮನೆಗೂ ಕಾರಿರುವ ಅಮೆರಿಕದಲ್ಲೇ 2020ರ ಮಾರ್ಚ್‌ನಲ್ಲಿ ಕೇರ್ಸ್ ಕಾಯ್ದೆ ಮಾಡಿ, ಬಸ್ಸು ರೈಲಿನಂಥ ಸಾರಿಗೆ ನಿಲ್ಲದಿರಲಿ ಅಂತ 2,500 ಕೋಟಿ ಡಾಲರ್ ಕೊಟ್ಟರು. ಅಲ್ಲೂ ಆಫೀಸಿನವರು ಮನೆಯಲ್ಲೇ ಇದ್ದರು. ಬಸ್ ಹತ್ತುತ್ತಿದ್ದವರು ನರ್ಸ್‌ಗಳು, ಅಂಗಡಿ ಕೆಲಸದವರು.

ಅಮ್ಮ ಈಗ ಬೆಂಗಳೂರಿನಲ್ಲಿ ಎರಡು ಮನೆಗೆ ಹೋಗುತ್ತಾಳೆ. ಬಸ್ಸಿಗೆ ಇಪ್ಪತ್ತು ನಿಮಿಷ ಮುಂಚೆಯೇ ಹೋಗಿ ನಿಲ್ಲುತ್ತಾಳೆ. ಯಾಕಮ್ಮಾ ಇಷ್ಟು ಬೇಗ ಅಂದರೆ, 'ಬರದೇ ಇದ್ರೆ ನಡೆಯೋಕೆ ಟೈಮ್ ಬೇಕಲ್ಲ' ಅನ್ನುತ್ತಾಳೆ. ಮಧ್ಯಾಹ್ನದ ಟ್ರಿಪ್ಪುಗಳನ್ನು ಲೆಕ್ಕ ಹಾಕಿ ಹೊಂದಿಸಿಕೊಳ್ಳುತ್ತೀರಾ, ಹೊಂದಿಸಿಕೊಳ್ಳಿ. ಬೆಳಗಿನ ಮೊದಲ ಬಸ್, ರಾತ್ರಿಯ ಕೊನೆಯ ಬಸ್ ಎರಡನ್ನೂ ಮುಟ್ಟಬೇಡಿ. ಮುಟ್ಟಲೇಬೇಕಾಗಿ ಬಂದರೆ, ಒಂದು ವಾರ ಮುಂಚೆ ಸ್ಟಾಪಿನ ಕಂಬಕ್ಕೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ.