ಮುತ್ತಾತ ಈ ವರ್ಷವೂ ರಾಗಿ ಬೆಳೆದರು

ನಮ್ಮ ಮುತ್ತಾತ ಈ ವರ್ಷವೂ 1 ಎಕರೆ 15 ಗುಂಟೆಯಲ್ಲಿ ರಾಗಿ ಬೆಳೆದಿದ್ದಾರೆ. ಪಹಣಿಯಲ್ಲೇ ಇದೆ, ಬೇಕಾದ್ರೆ ನೋಡಿ. ಅವರು ಸತ್ತು ನೂರು ವರ್ಷ ದಾಟಿತು ಅನ್ನೋದು ನಮ್ಮ ಮನೆಯವರ ಅನಿಸಿಕೆ ಅಷ್ಟೇ, ಸರ್ಕಾರ ಇನ್ನೂ ಒಪ್ಪಿಲ್ಲ.

ಒಪ್ಪಿಸೋಣ ಅಂತ ಹೊರಟೆ. ಪೌತಿ ಖಾತೆ ಆಗಬೇಕು, ಅಂದರೆ ಸತ್ತವರ ಹೆಸರಲ್ಲಿರೋ ಜಮೀನು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ವಂಶವೃಕ್ಷ ಬೇಕು, ಅದಕ್ಕೆ ಮರಣ ಪ್ರಮಾಣ ಪತ್ರ ಬೇಕು. ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿ ಸತ್ತವರ ಹೆಸರಲ್ಲೇ ಇವೆಯಂತೆ, ಹಾಗಾಗಿ ಮುತ್ತಾತನಿಗೆ ಜೊತೆಗಾರರಿಗೇನೂ ಕೊರತೆಯಿಲ್ಲ. ರೆಕಾರ್ಡ್ ರೂಮಿನಲ್ಲಿ ನಾಲ್ಕು ದಿನ ಧೂಳು ಕುಡಿದ ಮೇಲೆ ಶಾನುಭೋಗರ ಹಳೇ ಜನನ ಮರಣ ಪುಸ್ತಕ ಸಿಕ್ಕಿತು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುವ ಹಾಳೆ. ಮಸಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ. ‘ಕಾಳಯುಕ್ತಿ ಸಂ॥ ಆಶ್ವೀಜ ಬಹುಳ’ ಅಂತ ಮೇಲೆ ಬರೆದಿದ್ದಾರೆ, ಕೆಳಗೆ ಆ ಒಂದೇ ಪುಟದಲ್ಲಿ 14 ಸಾವು. ಮೊದಲನೇ ಸಾಲಿನಲ್ಲಿ ಕಾರಣ ‘ಜ್ವರ’. ಆಮೇಲೆ ಪುಟದ ಕೊನೆವರೆಗೂ ಸದರಿ, ಸದರಿ, ಸದರಿ. ಆರನೇ ಸಾಲಿನಲ್ಲಿ ‘ದೊಡ್ಡತಿಮ್ಮ, 35’. ಒಂಬತ್ತನೇ ಸಾಲಿನಲ್ಲಿ ‘ಕೋಂ ದೊಡ್ಡತಿಮ್ಮ, 30’. ನಮ್ಮ ತಾತನಿಗೆ ಆಗ ನಾಲ್ಕು ವರ್ಷ. ಸೋದರತ್ತೆ ಸಾಕಿದ್ದು ಅಂತ ತಾತ ಹೇಳುತ್ತಿದ್ದರು, ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ.

ಕಾಳಯುಕ್ತಿ ಆಶ್ವೀಜ ಅಂದರೆ 1918ರ ಅಕ್ಟೋಬರ್. ಇನ್‌ಫ್ಲುಯೆಂಜಾ ಊರೂರನ್ನೇ ಗುಡಿಸಿಕೊಂಡು ಹೋದ ತಿಂಗಳು. ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು ಅಂತ ಅಂದಾಜು. ಅಷ್ಟೂ ಸಾವು ನಮ್ಮೂರಿನ ಪುಸ್ತಕದಲ್ಲಿ ‘ಜ್ವರ, ಸದರಿ’. ಶಾನುಭೋಗರದ್ದು ತಪ್ಪೇನಿಲ್ಲ ಬಿಡಿ. ಹಳ್ಳಿಯಲ್ಲಿ ಡಾಕ್ಟರ್ ಎಲ್ಲಿದ್ದರು? ತೋಟಿಯೋ ಪಟೇಲರೋ ಬಂದು ಹೇಳಬೇಕು, ಇವರು ಬರೆದುಕೊಳ್ಳಬೇಕು. ಮಲೇರಿಯಾ ಆಗಲಿ, ಬಾಣಂತಿ ನಂಜಾಗಲಿ, ಮೈ ಬಿಸಿ ಇತ್ತಾ, ಜ್ವರ. ವಯಸ್ಸೂ ಹಾಗೇ, ಎಲ್ಲರಿಗೂ 30, 35, 40. ನಮ್ಮೂರಲ್ಲಿ 37ಕ್ಕೆ ಯಾರೂ ಸತ್ತ ಹಾಗಿಲ್ಲ.

ಇಷ್ಟನ್ನು ನಾನು ಓದಿ ಅರ್ಥ ಮಾಡಿಕೊಂಡೆ. ಇನ್ನು ಕಚೇರಿಯವರು ಅರ್ಥ ಮಾಡಿಕೊಳ್ಳಬೇಕಿತ್ತು.

‘ಕಾಳಯುಕ್ತಿ ಯಾರು ಸಾರ್, ನಿಮ್ಮ ಮುತ್ತಜ್ಜಿನಾ?’ ಅಂದ ಆಪರೇಟರ್ ಹುಡುಗ. ಸಂವತ್ಸರ ಕಣಪ್ಪ ಅಂದೆ. ಮೊಬೈಲಲ್ಲಿ ಹುಡುಕಿ ‘ಹಾಂ, ಸಿಕ್ತು’ ಅಂತ 1978 ಹಾಕಿದ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅದೂ ಕಾಳಯುಕ್ತಿಯೇ, ಅವನು ಹೇಳಿದ್ದು ಸುಳ್ಳಲ್ಲ. 1978ರಲ್ಲಿ 35 ಅಂದರೆ ಮುತ್ತಾತ ಹುಟ್ಟಿದ್ದು 1943ರಲ್ಲಿ, ಅಂದರೆ ಸ್ವಂತ ಮಗನಿಗಿಂತ 29 ವರ್ಷ ಚಿಕ್ಕವರು. ಕಂಪ್ಯೂಟರ್ ಏನೂ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ಸಾವಿನ ಕಾರಣಕ್ಕೆ, ‘ಸದರಿ ಅನ್ನೋ ಕಾಯಿಲೆ ಲಿಸ್ಟಲ್ಲಿ ಇಲ್ಲ ಸಾರ್’. ಆಮೇಲೆ, ‘ತೀರಿಕೊಂಡವರ ಆಧಾರ್ ನಂಬರ್ ಇದ್ರೆ ಹೇಳಿ’. ಮುತ್ತಾತ ಸತ್ತಾಗ ಆಧಾರ್ ಬರೋಕೆ ಇನ್ನೂ 92 ವರ್ಷ ಇತ್ತು, ಸ್ವಲ್ಪ ತಾಳಬಹುದಿತ್ತು ಅವರು.

ಇಸವಿ ತಿದ್ದಿಸಿ ಸಾಹೇಬರ ಮೇಜಿಗೆ ಹೋದೆ. ಅವರು ಕನ್ನಡಕ ಏರಿಸಿ, ‘ನೋಡಿ ಸ್ವಾಮಿ, ಪಹಣಿಯಲ್ಲಿ ತಿಮ್ಮಯ್ಯ, ಪುಸ್ತಕದಲ್ಲಿ ದೊಡ್ಡತಿಮ್ಮ. ಸತ್ತಿರೋದು ದೊಡ್ಡತಿಮ್ಮ. ತಿಮ್ಮಯ್ಯ ಸತ್ತಿದ್ದಕ್ಕೆ ದಾಖಲೆ ಎಲ್ಲಿ?’ ಅಂದರು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಕೊಟ್ಟೆ. ಅವರನ್ನು ಕಣ್ಣಲ್ಲೂ ನೋಡಿರದ ನಾನು ಪ್ರಮಾಣ ಮಾಡಿದೆ, ನನಗಿಂತ ಚಿಕ್ಕವರಾದ ಇಬ್ಬರು ಪಂಚರು ‘ಮೃತರನ್ನು ಬಲ್ಲೆವು’ ಅಂತ ರುಜು ಹಾಕಿ ಕಾಫಿ ಕುಡಿದರು. ಅದೂ ಸಾಲಲಿಲ್ಲ. ತಿಮ್ಮಯ್ಯನ ಸಾವಿನ ದಾಖಲೆ ಇಲ್ಲ ಅನ್ನೋದಕ್ಕೆ ಒಂದು ದಾಖಲೆ ತಗೊಂಡೆ. 1969ರ ಕಾಯ್ದೆ ಪ್ರಕಾರ ಸತ್ತು ಒಂದು ವರ್ಷದೊಳಗೆ ನೋಂದಾಯಿಸದಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ನಾವು ಸ್ವಲ್ಪ ತಡ ಮಾಡಿದ್ದೆವು.

ಅಲ್ಲಿಂದ ಪೇಪರಿನಲ್ಲಿ ಪ್ರಕಟಣೆ ಕೊಡಿ ಅಂದರು. ಕೊಟ್ಟೆ. ಟ್ಯೂಷನ್ ಜಾಹೀರಾತು ಒಂದು ಕಡೆ, ಬೋರ್‌ವೆಲ್ ಇನ್ನೊಂದು ಕಡೆ, ನಡುವೆ ನಮ್ಮ ಮುತ್ತಾತ. ‘ಸದರಿಯವರು 1918ರಲ್ಲಿ ಮರಣ ಹೊಂದಿರುವ ಬಗ್ಗೆ ಯಾರದಾದರೂ ಆಕ್ಷೇಪಣೆ ಇದ್ದಲ್ಲಿ 30 ದಿನದೊಳಗೆ ಸಲ್ಲಿಸುವುದು.’ ಆ 30 ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ದಾಯಾದಿಗಳ ವಿಷಯ ಹೇಳೋಕಾಗಲ್ಲ, ಯಾರಾದರೂ ಹೋಗಿ ‘ಇಲ್ಲ, ಮೊನ್ನೆ ಸಂತೆಯಲ್ಲಿ ಸಿಕ್ಕಿದ್ರು’ ಅಂದುಬಿಟ್ಟರೆ?

ಯಾರೂ ಆಕ್ಷೇಪಿಸಲಿಲ್ಲ. ಮುತ್ತಾತ ಕೊನೆಗೂ ಸತ್ತರು. ಇರಲಿ ಅಂತ ಮುತ್ತಜ್ಜಿದೂ ಜೊತೆಗೇ ಹಾಕಿದ್ದೆ, ಎರಡು ಪ್ರಮಾಣ ಪತ್ರ ಒಂದೇ ದಿನ ಕೈಗೆ ಬಂದವು. ಮುತ್ತಜ್ಜಿಯದ್ದರಲ್ಲಿ ಹೀಗಿತ್ತು. ಹೆಸರು: ಕೋಂ. ಗಂಡನ ಹೆಸರು: ದೊಡ್ಡತಿಮ್ಮ.

ಅದು ಹೆಸರಲ್ಲಪ್ಪಾ, ಹೆಂಡತಿ ಅಂತ ಅರ್ಥ ಅಂದೆ. ‘ಓ ಹೌದಾ, ತಿದ್ದುಪಡಿ ಅರ್ಜಿ ಹಾಕಿ ಸಾರ್, ಈಗಲೇ ಮಾಡಿಕೊಡ್ತೀನಿ. ಸರಿಯಾದ ಹೆಸರು ಹೇಳಿ’ ಅಂದ ಹುಡುಗ, ಕೀಬೋರ್ಡ್ ಮೇಲೆ ಬೆರಳಿಟ್ಟುಕೊಂಡು. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿಕ್ಕಪ್ಪನನ್ನ ಕೇಳು ಅಂದರು. ಚಿಕ್ಕಪ್ಪ, ಅಪ್ಪನನ್ನ ಕೇಳು ಅಂದರು.